ಸೋಗೆಯ ಮೇಲೆ ಬಿದ್ದ ಚುಕ್ಕಿ

ಭಾರತ ಹುಣ್ಣಿಮೆಗೆ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆಂದು ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಹೂಡಿ ಹೊರಡುವ ನಮ್ಮ ಓದುಗ ಬಂಧುಗಳಿಗೆ ಆ ದಾರಿ ಚೆನ್ನಾಗಿ ಪರಿಚಿತ. ಹಳಿಯಾಳದ ಕಬ್ಬಿನ ಹೊಲಗಳು ಮುಗಿದು, ದಾಂಡೇಲಿಯ ತೇಗದ ನೆಡುತೋಪುಗಳು ಹಿಂದಾಗಿ, ಜೋಯಿಡಾ ತಾಲೂಕಿನ ದಟ್ಟ ಕಾಡು ಆರಂಭವಾಗುತ್ತಲೇ ಗುಡ್ಡಗಳ ನಡುವಿನ ಇಳುಕಲುಗಳಲ್ಲಿ ಅಲ್ಲಲ್ಲಿ ಅಡಿಕೆಯ ತೋಟಗಳು ಕಾಣಿಸಿಕೊಳ್ಳುತ್ತವೆ. ದೂರದಿಂದ ನೋಡುವವನಿಗೆ ಅವು ಇಂದಿಗೂ ಹಸಿರಾಗಿಯೇ ತೋರುತ್ತವೆ. ತೋಟದೊಳಗೆ ಹೋಗಿ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದಾಗ ಮಾತ್ರ ಕೆಳಸಾಲಿನ ಸೋಗೆಗಳು ಸುಟ್ಟಂತೆ ಕಂದಿ ಜೋತುಬಿದ್ದಿರುವುದು ಹಲವೆಡೆ ಕಣ್ಣಿಗೆ ಬೀಳುತ್ತದೆ. ಇದೇ ಎಲೆಚುಕ್ಕಿ ರೋಗ. ಈ ಸಲದ ನಮ್ಮ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಅಡಿಕೆಯ ಬೆಳೆಗಾರರು ಕೊಳೆರೋಗವನ್ನು ಬಲ್ಲರು. ಅದು ತಲೆತಲಾಂತರದ ಶತ್ರು; ಆಷಾಢ ಶ್ರಾವಣಗಳಲ್ಲಿ ಕಾಯಿಗೆ ಬರುತ್ತದೆ, ಉದುರಿಸುತ್ತದೆ, ಆ ವರ್ಷದ ಫಸಲನ್ನು ತಿಂದು ಹೋಗುತ್ತದೆ. ಎಲೆಚುಕ್ಕಿಯೂ ಹೊಸದಲ್ಲ. ಮಲೆನಾಡಿನ ತೋಟಗಳಲ್ಲಿ ಹಿಂದೆಯೂ ಅದು ಇತ್ತು. ಆದರೆ ಮಳೆಗಾಲದಲ್ಲಿ ನಾಲ್ಕು ಮರಕ್ಕೆ ಬಂದು ಬಿಸಿಲು ಬಿದ್ದೊಡನೆ ಮರೆತುಹೋಗುವ ಸಣ್ಣ ಉಪದ್ರವವೆಂದೇ ಅದನ್ನು ಎಲ್ಲರೂ ಎಣಿಸಿದ್ದರು. ಕಳೆದ ಕೆಲವು ವರ್ಷಗಳಲ್ಲಿ ಅದರ ಸ್ವರೂಪವೇ ಬದಲಾಯಿತು. ಚಿಕ್ಕಮಗಳೂರು ಜಿಲ್ಲೆಯ ಕಳಸ, ಶೃಂಗೇರಿ, ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿಗಳ ತೋಟಗಳನ್ನು ಅದು ಹಿಡಿದ ರೀತಿಯನ್ನು 2022ರ ಮಳೆಗಾಲದಲ್ಲಿ ನಾಡೆಲ್ಲ ಕಂಡಿತು. ನಮ್ಮ ಉತ್ತರ ಕನ್ನಡದಲ್ಲಿ ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಜೊತೆಗೆ ಜೋಯಿಡಾದ ತೋಟಗಳೂ ಇದಕ್ಕೆ ಈಡಾದವು.

ರೋಗದ ಲಕ್ಷಣವನ್ನು ಮೊದಲು ತಿಳಿದುಕೊಳ್ಳುವುದು ಒಳಿತು. ಏಕೆಂದರೆ ಸೋಗೆ ಹಳದಿಯಾದುದನ್ನೆಲ್ಲ ಎಲೆಚುಕ್ಕಿಯೆಂದು ಭಾವಿಸಿ ದುಬಾರಿ ಔಷಧಕ್ಕೆ ಹಣ ಸುರಿಯುವವರನ್ನು ನಾವು ಕಂಡಿದ್ದೇವೆ. ಎಲೆಚುಕ್ಕಿಯು ಸಾಮಾನ್ಯವಾಗಿ ಕೆಳಗಿನ, ಅಂದರೆ ವಯಸ್ಸಾದ ಸೋಗೆಗಳಲ್ಲಿ ತೊಡಗುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣ ಕಂದು ಅಥವಾ ಕಪ್ಪು ಚುಕ್ಕಿ. ಅದರ ಸುತ್ತ ಹಳದಿಯ ಬಳೆ. ಮಳೆ ಬಿಡದೆ ಸುರಿದರೆ ಚುಕ್ಕಿಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಲೆಯ ಗರಿ ಅಂಚಿನಿಂದ ಒಳಕ್ಕೆ ಒಣಗುತ್ತ ಹೋಗಿ ಕೊನೆಗೆ ಇಡೀ ಸೋಗೆ ಸುಟ್ಟ ಕಾಗದದಂತಾಗುತ್ತದೆ. ರೋಗ ಬಲವಾದಲ್ಲಿ ಕಾಯಿಗಳ ಮೇಲೂ ಚುಕ್ಕಿಗಳು ಕಾಣುತ್ತವೆ. ಹಳದಿ ಎಲೆ ರೋಗವೆಂಬುದು ಬೇರೆಯೇ ವ್ಯಾಧಿ. ಅದರಲ್ಲಿ ಗರಿಯ ತುದಿಯಿಂದ ಹಳದಿ ಬಣ್ಣ ಏರುತ್ತದೆಯೇ ಹೊರತು ದುಂಡು ಚುಕ್ಕಿಗಳಿರುವುದಿಲ್ಲ. ಅದಕ್ಕೆ ಕಾರಣ ಶಿಲೀಂಧ್ರವಲ್ಲ, ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ. ಶಿಲೀಂಧ್ರಕ್ಕೆ ಹೊಡೆಯುವ ಔಷಧ ಅದಕ್ಕೆ ತಾಗುವುದೇ ಇಲ್ಲ. ಪೊಟ್ಯಾಷ್ ಕೊರತೆಯಿಂದಲೂ ಹಳೆಯ ಸೋಗೆಗಳು ಬಣ್ಣಗೆಡುತ್ತವೆ. ಬೇಸಿಗೆಯ ಬಿಸಿಲು ತಾಗಿಯೂ ಸೋಗೆ ಸುಡುತ್ತದೆ. ಆದುದರಿಂದ ಸಂಶಯವಿದ್ದವರು ರೋಗ ತಗುಲಿದ ಗರಿಯೊಂದನ್ನು ಕಾಗದದಲ್ಲಿ ಸುತ್ತಿ ತಾಲೂಕಿನ ತೋಟಗಾರಿಕೆ ಇಲಾಖೆಗೋ ಸಿರ್ಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸುವುದು ಅಂಗಡಿಯವರ ಸಲಹೆಗಿಂತ ಮೇಲು.

ಈ ರೋಗವನ್ನು ಉಂಟುಮಾಡುವುದು ಒಂದೇ ಶಿಲೀಂಧ್ರವಲ್ಲ. ಕೊಲೆಟೋಟ್ರೈಕಮ್ ಎಂಬ ಕುಲದ ಜಾತಿಗಳು ಮುಖ್ಯ. ಅವುಗಳ ಜೊತೆಗೆ ಫಿಲ್ಲೋಸ್ಟಿಕ್ಟಾ, ಪೆಸ್ಟಲೋಷಿಯಾಪ್ಸಿಸ್ ಎಂಬ ಬೇರೆ ಶಿಲೀಂಧ್ರಗಳೂ ಚುಕ್ಕಿಗಳಲ್ಲಿ ಕಂಡುಬಂದಿವೆ. ಹೆಸರುಗಳು ಕಠಿಣವಾದರೂ ಅವುಗಳ ಬದುಕಿನ ಕ್ರಮ ಸರಳ. ಒಣಗಿ ಬಿದ್ದ ಸೋಗೆಯಲ್ಲಿಯೇ ಅವು ಬೇಸಿಗೆಯನ್ನು ಕಳೆಯುತ್ತವೆ. ಮಳೆಹನಿ ಬಿದ್ದು ಸಿಡಿದಾಗ ಬೀಜಕಣಗಳು ಆ ಸಿಡಿತದೊಡನೆ ಹಾರಿ ಪಕ್ಕದ ಎಲೆಗೆ ಅಂಟುತ್ತವೆ. ಎಲೆ ತೊಯ್ದೇ ಇದ್ದರೆ ಮೊಳೆತು ಒಳಹೊಕ್ಕುತ್ತವೆ. ಬಿಸಿಲು ಬಿದ್ದು ಎಲೆ ಬೇಗ ಆರಿದರೆ ಅವುಗಳ ಆಟ ನಡೆಯುವುದಿಲ್ಲ. ದಿನಗಟ್ಟಲೆ ಸೂರ್ಯನ ಮುಖ ಕಾಣದ ಜಿಟಿಜಿಟಿ ಮಳೆ, ತಂಪಾದ ಹವೆ, ಗಾಳಿಯಾಡದ ಒತ್ತಾದ ತೋಟ, ಇವು ಮೂರೂ ಕೂಡಿದಲ್ಲಿ ರೋಗಕ್ಕೆ ಹಬ್ಬ. ಘಟ್ಟದ ನೆತ್ತಿಯ ಜೋಯಿಡಾದಲ್ಲಿ ಅದು ಬೇರೂರಿದ್ದಕ್ಕೂ, ಬಯಲುಸೀಮೆಗೆ ತಾಗಿಕೊಂಡ ಹಳಿಯಾಳ, ಮುಂಡಗೋಡಗಳಲ್ಲಿ ಅಷ್ಟು ಜೋರು ತೋರದಿರುವುದಕ್ಕೂ ಈ ಹವೆಯ ವ್ಯತ್ಯಾಸವೇ ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

ಎಲೆಗೆ ಬಂದ ರೋಗ ಕಾಯಿಗೇನು ಮಾಡೀತು ಎಂದು ಕೇಳುವವರಿದ್ದಾರೆ. ಅಡಿಕೆಮರದ ಲೆಕ್ಕಾಚಾರವನ್ನು ಅರಿತರೆ ಈ ಪ್ರಶ್ನೆ ಏಳುವುದಿಲ್ಲ. ಮಾವು ಹಲಸುಗಳಂತೆ ಇದಕ್ಕೆ ಸಾವಿರಾರು ಎಲೆಗಳಿಲ್ಲ. ಬೆಳೆದ ಮರದ ನೆತ್ತಿಯಲ್ಲಿರುವುದು ಹತ್ತರ ಆಚೀಚಿನ ಸೋಗೆಗಳು; ವರ್ಷಕ್ಕೆ ಹೊಸದಾಗಿ ಬರುವುದು ಆರೇಳು ಮಾತ್ರ. ಪ್ರತಿಯೊಂದು ಸೋಗೆಯ ಕಂಕುಳಲ್ಲಿಯೂ ಒಂದೊಂದು ಹಿಂಗಾರ. ಎಲೆ ಕಳಚಿ ಹಾಳೆ ಬಿದ್ದ ಬಳಿಕವೇ ಹಿಂಗಾರ ಅರಳಬೇಕು, ಕೊನೆಯಾಗಬೇಕು. ಹತ್ತು ಎಲೆಯ ಸಂಸಾರದಲ್ಲಿ ನಾಲ್ಕು ಎಲೆ ಅಕಾಲದಲ್ಲಿ ಸುಟ್ಟರೆ ಉಳಿದ ಆರು ಎಲೆಗಳು ಕಾಂಡ, ಬೇರು, ಕೊನೆ ಎಲ್ಲವನ್ನೂ ಸಲಹಬೇಕು. ಅದಾಗದೆ ಮರವು ಹೀಚುಗಳನ್ನು ಉದುರಿಸುತ್ತದೆ. ಮುಂದಿನ ಹಿಂಗಾರಗಳು ಬಡವಾಗುತ್ತವೆ. ಕೊಳೆರೋಗ ಆ ವರ್ಷದ ದುಡಿಮೆಯನ್ನು ಕಸಿಯುತ್ತದೆ. ಎಲೆಚುಕ್ಕಿಯಾದರೋ ಮುಂದಿನ ಎರಡು ಮೂರು ವರ್ಷಗಳ ಬಂಡವಾಳಕ್ಕೇ ಕೈಹಾಕುತ್ತದೆ. ಮರ ಒಮ್ಮೆಲೇ ಸಾಯುವುದಿಲ್ಲ. ಅದೇ ನಮ್ಮನ್ನು ಮೋಸಗೊಳಿಸುತ್ತದೆ.

ಎಲೆಯ ರೋಗವೊಂದು ಒಂದು ದೇಶದ ಬೇಸಾಯವನ್ನೇ ಬದಲಾಯಿಸಿದ ಕಥೆ ನಮ್ಮ ನೆರೆಯಲ್ಲಿಯೇ ಇದೆ. ಸಿಂಹಳ ದ್ವೀಪವು ಒಂದು ಕಾಲಕ್ಕೆ ಕಾಫಿಗೆ ಹೆಸರಾಗಿತ್ತು. 1869ರಲ್ಲಿ ಅಲ್ಲಿನ ಕಾಫಿಗಿಡಗಳ ಎಲೆಯಡಿ ಕಿತ್ತಳೆ ಬಣ್ಣದ ಪುಡಿಯಂತಹ ತುಕ್ಕು ಕಾಣಿಸಿತು. ಕೆಲವು ವರ್ಷ ಫಸಲು ಒಂದಿಷ್ಟು ತಗ್ಗಿತು, ಮತ್ತೆ ಏರಿತು. ತೋಟದ ಒಡೆಯರು ಧೈರ್ಯದಿಂದ ಹೊಸ ಗುಡ್ಡಗಳನ್ನು ಕಡಿದು ಕಾಫಿಯನ್ನೇ ನೆಟ್ಟರು. ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1880ರ ಸುಮಾರಿಗೆ ಅಲ್ಲಿಗೆ ಬಂದು, ಇದು ಶಿಲೀಂಧ್ರದ ಕೆಲಸ, ಒಂದೇ ಬೆಳೆಯನ್ನು ಎಡೆಬಿಡದೆ ಹಬ್ಬಿಸಿದ್ದರಿಂದಲೇ ಇಷ್ಟು ಹರಡಿದೆ ಎಂದು ತೋರಿಸುವ ವೇಳೆಗೆ ಕಾಲ ಮಿಂಚಿತ್ತು. ಕಾಫಿ ಹೋಗಿ ಚಹಾ ಬಂದಿತು. ನಮ್ಮ ಕೊಡಗು, ಚಿಕ್ಕಮಗಳೂರುಗಳಿಗೂ ಆ ತುಕ್ಕು ಬಂದಿತ್ತು. ಆದರೆ ಇಲ್ಲಿನ ನೆರಳಿನ ತೋಟಗಳೂ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ರೋಗನಿರೋಧಕ ತಳಿಗಳೂ ಕಾಫಿಯನ್ನು ಉಳಿಸಿಕೊಂಡವು. ಅಡಿಕೆಯಲ್ಲಿ ಎಲೆಚುಕ್ಕಿಯನ್ನು ತಡೆದುಕೊಳ್ಳುವ ಅಂತಹ ತಳಿಯೊಂದು ರೈತನ ಕೈಗೆ ಇನ್ನೂ ಬಂದಿಲ್ಲವೆಂಬುದೇ ಇಂದಿನ ದೊಡ್ಡ ಕೊರತೆ.

ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಲ್ಲಿ ಆಲಿವ್ ಮರಕ್ಕೆ ಬರುವ ಎಲೆರೋಗವನ್ನು ನೋಡಿದರೆ ನಮ್ಮದಕ್ಕೆ ಅಣ್ಣನೋ ತಮ್ಮನೋ ಎನ್ನಬೇಕು. ಆಲಿವ್ ನಮಗೆ ಅಂಗಡಿಯ ಎಣ್ಣೆಯ ಬಾಟಲಿಯಿಂದ ಮಾತ್ರ ಪರಿಚಿತವಾದರೂ ಅದೇ ಕುಲಕ್ಕೆ ಸೇರಿದ ಓಲಿಯಾ ಡಯೋಯಿಕಾ ಎಂಬ ಕಾಡುಮರ ನಮ್ಮ ಪಶ್ಚಿಮಘಟ್ಟದಲ್ಲಿಯೂ ಬೆಳೆಯುತ್ತದೆ. ಆಲಿವ್ ಎಲೆಯ ಮೇಲೆ ದುಂಡನೆಯ ಕಪ್ಪು ಮಚ್ಚೆ, ಅದರ ಸುತ್ತ ಹಳದಿ ಬಳೆ. ನೋಡಲು ನವಿಲುಗರಿಯ ಕಣ್ಣಿನಂತೆ. ಆದ್ದರಿಂದ ಅಲ್ಲಿಯವರು ಅದನ್ನು ನವಿಲುಗಣ್ಣಿನ ರೋಗವೆಂದೇ ಕರೆಯುತ್ತಾರೆ. ಫ್ರಾನ್ಸಿನ ಸಸ್ಯವಿಜ್ಞಾನಿ ಕಸ್ತಾಞ್ ಎಂಬವನು 1845ರಲ್ಲಿಯೇ ಅದರ ಶಿಲೀಂಧ್ರವನ್ನು ವರ್ಣಿಸಿದ್ದಾನೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ರೋಗವೂ ಆಗಲೇ. ಎಲೆ ಅಕಾಲದಲ್ಲಿ ಉದುರುತ್ತದೆ, ರೆಂಬೆ ಬೋಳಾಗುತ್ತದೆ, ಮುಂದಿನ ವರ್ಷ ಹೂವು ತಗ್ಗುತ್ತದೆ. ಮದ್ದು ಕೂಡ ನಮ್ಮದೇ: ಮಳೆ ಹಿಡಿಯುವ ಮುಂಚೆ ತಾಮ್ರದ ಸಿಂಪರಣೆ, ಗಾಳಿ ಬೆಳಕು ಒಳಬರುವಂತೆ ರೆಂಬೆ ಸವರುವುದು. ತಾಮ್ರದ ಆ ನೀಲಿ ಉಪ್ಪಿಗೆ ನಾವು ಮೈಲುತುತ್ತ ಎನ್ನುತ್ತೇವೆ, ಸಂಸ್ಕೃತದಲ್ಲಿ ಮಯೂರತುತ್ಥ. ಎರಡೂ ನವಿಲಿನ ಬಣ್ಣದಿಂದ ಬಂದ ಹೆಸರುಗಳು. ನವಿಲುಗಣ್ಣಿಗೆ ನವಿಲಿನದೇ ಮದ್ದು!

ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಜನ್ಮವೃತ್ತಾಂತವೂ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಈ ನೀಲಿ ಬಣ್ಣದ ಕಲಸನ್ನು ಎರಚುತ್ತಿದ್ದರು. ವಿಷವೆಂದು ಅಂಜಿ ಯಾರೂ ಮುಟ್ಟಬಾರದೆಂಬುದು ಉದ್ದೇಶ. 1882ರಲ್ಲಿ ಬೂಷ್ಟುರೋಗ ಬಂದು ಎಲ್ಲ ಬಳ್ಳಿಗಳ ಎಲೆ ಉದುರಿದಾಗ ರಸ್ತೆಯಂಚಿನವು ಮಾತ್ರ ಹಸಿರಾಗಿದ್ದುದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿದ. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಪ್ರಕಟಿಸಿದ. ಕಾಲು ಶತಮಾನದೊಳಗೆ ಅದು ನಮ್ಮ ಮಲೆನಾಡಿಗೆ ಬಂದಿತು. ಅದನ್ನು ತಂದವರು ಲೆಸ್ಲಿ ಕೋಲ್ಮನ್. ಕೆನಡಾ ದೇಶದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಅವರು ಪ್ರಕಟಿಸಿದ ಗ್ರಂಥವೇ ಬೋರ್ಡೋ ಸಿಂಪರಣೆ ನಮ್ಮ ತೋಟಗಳಲ್ಲಿ ನೆಲೆಯೂರಲು ಬುನಾದಿ. ನಮ್ಮ ಕಾರವಾರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿದ್ದರೂ ಮದ್ದಿಗೆ ಗಡಿಯೆಲ್ಲಿಯದು? ಹಾಳೆಯ ಕೊಟ್ಟೆಯನ್ನು ಕೊನೆಗೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು ಘಟ್ಟದ ಮೇಲಿನವರೂ ಕ್ರಮೇಣ ಬೋರ್ಡೋಗೆ ಒಲಿದರು.

ಆದರೆ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕೊಳೆರೋಗಕ್ಕೆ ಮದ್ದು ಹೊಡೆದೆವು, ಎಲೆಚುಕ್ಕಿಗೂ ಆಯಿತು ಎಂಬ ಸಮಾಧಾನ ಸಲ್ಲದು. ಕೊಳೆಗೆ ಮದ್ದು ಹೊಡೆಯುವ ಕೊನೆಗೌಡರು ಕೊನೆಯನ್ನು ಗುರಿಯಿಡುತ್ತಾರೆ. ಸೋಗೆಗೆ ಬಿದ್ದುದು ಬಿದ್ದಷ್ಟೇ. ಎಲೆಚುಕ್ಕಿಗಾದರೆ ಸೋಗೆಯ ಮೇಲೂ ಕೆಳಗೂ ದ್ರಾವಣ ತಾಗಬೇಕು. ಹಾಗಾಗಿ ಮರವೊಂದಕ್ಕೆ ಹೆಚ್ಚು ದ್ರಾವಣ, ಹೆಚ್ಚು ಹೊತ್ತು, ಹೆಚ್ಚು ಕೂಲಿ ಬೇಕಾಗುತ್ತದೆ. ಇನ್ನೊಂದು ವಿಷಯ: ಕೊಳೆರೋಗದ ಫೈಟೋಫ್ತೋರಾ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ನಿಜವಾದ ಶಿಲೀಂಧ್ರವಲ್ಲ, ನೀರಿನಲ್ಲಿ ಈಜುವ ಬೀಜಕಣಗಳುಳ್ಳ ಬೇರೆ ಪಂಗಡದ ಜೀವಿ. ಆದುದರಿಂದ ಮೆಟಲಾಕ್ಸಿಲ್‌ನಂತಹ, ಕೊಳೆಗೆ ಚೆನ್ನಾಗಿ ಕೆಲಸ ಮಾಡುವ ಔಷಧವು ಎಲೆಚುಕ್ಕಿಗೆ ನಿಷ್ಪ್ರಯೋಜಕ. ತಾಮ್ರ ಮಾತ್ರ ಎರಡಕ್ಕೂ ಆಗುತ್ತದೆ. ಅದೂ ರೋಗ ಬರುವ ಮುನ್ನ. ಒಳಹೊಕ್ಕ ಶಿಲೀಂಧ್ರವನ್ನು ತಾಮ್ರ ಹೊರಗೆಳೆಯಲಾರದು.

ಬೋರ್ಡೋ ದ್ರಾವಣವನ್ನು ಮನೆಯಲ್ಲಿ ತಯಾರಿಸುವ ಕ್ರಮ ಎಲ್ಲರಿಗೂ ಗೊತ್ತೆಂದು ಬಿಡುವಂತಿಲ್ಲ. ಹಳಿಯಾಳ, ಮುಂಡಗೋಡಗಳ ಹೊಸ ಬೆಳೆಗಾರರಲ್ಲಿ ಅನೇಕರಿಗೆ ಇದು ಹೊಸತು. ಶೇಕಡಾ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಒಂದು ಪಾತ್ರೆಯಲ್ಲಿಯೂ ಸುಣ್ಣವನ್ನು ಉಳಿದ 50 ಲೀಟರಿನಲ್ಲಿ ಇನ್ನೊಂದರಲ್ಲಿಯೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು, ಪ್ಲಾಸ್ಟಿಕ್ ಪೀಪಾಯಿಯೇ ಸರಿ. ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಬಂದರೆ ತಾಮ್ರ ಹೆಚ್ಚಾಗಿದೆಯೆಂದು ಅರ್ಥ. ಸುಣ್ಣದ ನೀರನ್ನು ಇನ್ನಷ್ಟು ಸೇರಿಸಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಅಂದು ಕಲಸಿದ್ದನ್ನು ಅಂದೇ ಮುಗಿಸಬೇಕು. ಮೊದಲ ಸಿಂಪರಣೆ ಮಳೆಗಾಲ ಹಿಡಿಯುವ ಮುಂಚೆ, ಅಂದರೆ ಮೇ ತಿಂಗಳ ಕೊನೆಗೆ ಆಗಿರಬೇಕು. ರೋಗ ಈಗಾಗಲೇ ಕಂಡಿರುವ ತೋಟಗಳಲ್ಲಿ ಪ್ರೊಪಿಕೊನಜೋಲ್ 25 ಇ.ಸಿ. ಎಂಬ ಔಷಧವನ್ನು ಲೀಟರಿಗೆ 1 ಮಿ.ಲೀ.ನಂತೆ, ಅಂಟುದ್ರಾವಣ ಬೆರೆಸಿ ಹೊಡೆಯುವಂತೆ ತಜ್ಞರು ಹೇಳುತ್ತಾರೆ. ಇಂತಹ ಅಂತರ್ವ್ಯಾಪಿ ಔಷಧವನ್ನೇ ಪದೇಪದೇ ಬಳಸಿದರೆ ಶಿಲೀಂಧ್ರ ಅದಕ್ಕೆ ಒಗ್ಗಿಹೋಗುತ್ತದೆ. ಆದುದರಿಂದ ಒಮ್ಮೆ ಅದು, ಮರುಸಲ ಬೇರೆಯದು ಎಂದು ಬದಲಿಸಬೇಕು. ಯಾವುದು, ಎಷ್ಟು ದಿನ ಬಿಟ್ಟು ಎಂಬುದನ್ನು ಆಯಾ ವರ್ಷದ ಇಲಾಖೆಯ ಸೂಚನೆ ನೋಡಿ ನಿರ್ಧರಿಸಬೇಕು.

ಔಷಧಕ್ಕಿಂತ ಮೊದಲು ಕತ್ತಿಯ ಕೆಲಸವಿದೆ. ಪೂರ್ತಿ ಸುಟ್ಟ ಕೆಳಸಾಲಿನ ಸೋಗೆಗಳನ್ನು ಮಳೆಗೆ ಮುಂಚೆ ಕಡಿದು ತೋಟದಿಂದ ಹೊರಗೆ ಸಾಗಿಸಿ ಸುಡಬೇಕು. ಇದು ಹೇಳಲು ಸುಲಭ, ಮಾಡಲು ಕಷ್ಟ. ಒಂಬತ್ತಡಿಗೊಂದು ಮರದಂತೆ ಎಕರೆಗೆ ಸುಮಾರು 540 ಮರಗಳು. ಮರಕ್ಕೆ ಮೂರು ಸೋಗೆ ಹಿಡಿದರೂ ಸಾವಿರದ ಆರುನೂರಕ್ಕೆ ಮೀರಿತು. ಅಷ್ಟನ್ನೂ ಇಳಿಸಲು ಮರ ಹತ್ತುವವರು ಬೇಕು. ಅವರೇ ಸಿಗದ ಕಾಲವಿದು. ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿಯೇ ನಿಂತು ಕೊಯ್ಯುವುದು, ಮದ್ದು ಹೊಡೆಯುವುದು ಸಾಧ್ಯವಾಗಿದೆಯೆಂಬುದು ಒಂದು ನೆಮ್ಮದಿ. ಇನ್ನೊಂದು ತೊಡಕೆಂದರೆ, ಸೋಗೆ ನಮ್ಮವರಿಗೆ ಕಸವಲ್ಲ. ಅದು ತೋಟಕ್ಕೆ ಮುಚ್ಚಿಗೆ, ದನದ ಕೊಟ್ಟಿಗೆಗೆ ಹಾಸು, ಮುಂದೆ ಗೊಬ್ಬರ. ಹೀಗೆ ತೋಟದ್ದನ್ನು ತೋಟಕ್ಕೇ ಮರಳಿಸುವ ಹಿರಿಯರ ಪದ್ಧತಿಯನ್ನು ನಾವು ಸದಾ ಎತ್ತಿಹಿಡಿದವರು. ಆದರೂ ರೋಗ ಹಿಡಿದ ಸೋಗೆಯನ್ನು ಮರದ ಬುಡದಲ್ಲಿಯೇ ಹರವುವುದೆಂದರೆ ಬರುವ ಮಳೆಗಾಲಕ್ಕೆ ಬೀಜ ಬಿತ್ತಿಟ್ಟಂತೆಯೇ. ಸುಡಲು ಮನಸ್ಸಿಲ್ಲದವರು ಗುಂಡಿಯಲ್ಲಿ ಸೆಗಣಿಯೊಡನೆ ಹೂತು ಚೆನ್ನಾಗಿ ಕೊಳೆಸಿದ ಬಳಿಕವೇ ಬಳಸಲಿ.

ಮರಕ್ಕೆ ಕಸುವಿಲ್ಲದಿದ್ದರೆ ಯಾವ ಔಷಧವೂ ಅರ್ಧ ಕೆಲಸವನ್ನೇ ಮಾಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಅದರೊಡನೆ ಹಸಿರೆಲೆ ಮತ್ತು ಕಾಂಪೋಸ್ಟ್ ತಲಾ 12 ಕಿಲೊ ಎಂದು ಹೇಳಿದೆ. ಗೊಬ್ಬರದ ಚೀಲದ ಲೆಕ್ಕದಲ್ಲಿ ಇದು ಯೂರಿಯಾ ಸುಮಾರು 220 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 235 ಗ್ರಾಂ ಆಗುತ್ತದೆ. ನಮ್ಮಲ್ಲಿ ಯೂರಿಯಾಕ್ಕೆ ಕೈ ಧಾರಾಳ, ಪೊಟ್ಯಾಷ್‌ಗೆ ಬಿಗಿ. ಸಾರಜನಕ ಹೆಚ್ಚಾದ ಎಲೆ ಮೆತ್ತಗಾಗಿ ರೋಗಕ್ಕೆ ಬೇಗ ಬಾಗುತ್ತದೆ. ಪೊಟ್ಯಾಷ್ ಎಲೆಗೆ ಗಟ್ಟಿತನ ಕೊಡುತ್ತದೆ. ಎಷ್ಟೋ ತೋಟಗಳಲ್ಲಿ ಬಸಿಗಾಲುವೆಗಳು ಮುಚ್ಚಿಹೋಗಿ ಬೇರು ನೀರಿನಲ್ಲಿ ನಿಂತಿದೆ. ಅದನ್ನು ಬಿಡಿಸುವುದಕ್ಕೆ ಗುದ್ದಲಿಯೊಂದು ಸಾಕು.

ಈಗ ಕುಟುಂಬದ ಮಾತಿಗೆ ಬರುತ್ತೇವೆ. ತೋಟವೆಂದರೆ ಅಡಿಕೆಯೊಂದೇ ಅಲ್ಲ. ಅದರ ನೆರಳಲ್ಲಿ ವೀಳ್ಯದೆಲೆ, ಕಾಳುಮೆಣಸು, ಏಲಕ್ಕಿ, ಬಾಳೆಗಳಿರುತ್ತವೆ. ಮೇಲೆ ಹೊಡೆದ ಔಷಧ ಕೆಳಗಿನ ವೀಳ್ಯದೆಲೆಯ ಮೇಲೆ ತೊಟ್ಟಿಕ್ಕುತ್ತದೆ. ಬೋರ್ಡೋ ಕಾಳುಮೆಣಸಿನ ಬಳ್ಳಿಗೆ ಉಪಕಾರಿಯೇ ಹೌದು. ಆದರೆ ಮದ್ದು ಬಿದ್ದ ವೀಳ್ಯದೆಲೆಯನ್ನು ಮನೆಗೋ ಸಂತೆಗೋ ಕೊಯ್ದೊಯ್ಯುವುದು ಅಪಾಯ. ಔಷಧದ ಚೀಟಿಯಲ್ಲಿ ನಮೂದಿಸಿದ ದಿನಗಳು ಕಳೆಯುವವರೆಗೆ ಅದನ್ನು ಮುಟ್ಟಬಾರದು. ಹಸಿ ಹಾಳೆಯನ್ನು ಕೊಚ್ಚಿ ಎಮ್ಮೆಗೆ ಹಾಕುವ ತಾಯಂದಿರು ಸಿಂಪರಣೆಯ ನಂತರ ಬಿದ್ದ ಹಾಳೆಯನ್ನು ಬಿಡಬೇಕು. ಮದ್ದು ಹೊಡೆಯುವವನ ಬಟ್ಟೆಯನ್ನು ಮನೆಯ ಬೇರೆ ಬಟ್ಟೆಗಳೊಡನೆ ಒಗೆಯಬಾರದು. ಮರದ ನೆತ್ತಿಯಲ್ಲಿ ನಿಂತು ಗಾಳಿಗೆದುರಾಗಿ ಮದ್ದು ಹೊಡೆಯುವವನ ಮುಖಕ್ಕೆ ಎಷ್ಟು ತಾಗುತ್ತದೆಂಬುದನ್ನು ತೋಟದ ಒಡೆಯರು ಯೋಚಿಸಿದ್ದುಂಟೆ? ಹಿಂದಿನ ಬೋರ್ಡೋದಲ್ಲಿ ಕಣ್ಣುರಿ, ಚರ್ಮದ ಕೆರೆತ ಇಷ್ಟರಲ್ಲಿ ಮುಗಿಯುತ್ತಿತ್ತು. ಈಗಿನ ಔಷಧಗಳು ಮೈಯೊಳಗೆ ಇಳಿಯುವಂಥವು. ಕೈಗವಸು, ಕಣ್ಣಿಗೆ ಕನ್ನಡಕ, ಮೂಗುಬಾಯಿಗೆ ಮುಸುಕು ಕೊಡಿಸುವುದು ಕೂಲಿಯೊಡನೆ ಸಲ್ಲಬೇಕಾದ ಬಾಕಿಯೆಂದೇ ಭಾವಿಸಬೇಕು. ಕೂಲಿಕಾರನ ಮನೆಯಲ್ಲಿಯೂ ಮಕ್ಕಳಿದ್ದಾರೆ.

ಅಡಿಕೆಯ ಬಗ್ಗೆ ಬರೆಯುವಾಗ ಒಂದು ಮಾತನ್ನು ಮರೆಮಾಚುವುದು ನಮಗೆ ಸರಿಕಾಣದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಸೇರದಿದ್ದರೂ ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ. ವಾದ ನಡೆಯುತ್ತಲೇ ಇದೆ. ಆದರೆ ಮಕ್ಕಳ ಭವಿಷ್ಯವನ್ನು ಒಂದೇ ಬೆಳೆಗೆ ಕಟ್ಟಿಹಾಕುವ ಮುನ್ನ ಇದೂ ಲೆಕ್ಕದಲ್ಲಿರಬೇಕು.

ಈ ಲೆಕ್ಕ ಬೇಕಾಗಿರುವುದು ಜೋಯಿಡಾದ ಹಳೆಯ ತೋಟಗಾರರಿಗಿಂತ ಮುಂಡಗೋಡ, ಹಳಿಯಾಳಗಳ ನಮ್ಮ ಬಂಧುಗಳಿಗೆ. ಅಲ್ಲಿ ಕೂರಿಗೆಯಿಂದ ಭತ್ತ ಬಿತ್ತುತ್ತಿದ್ದ ಗದ್ದೆಗಳು ಒಂದರ ಹಿಂದೊಂದು ಅಡಿಕೆಯ ತೋಟಗಳಾಗುತ್ತಿವೆ. 2021ರಲ್ಲಿ ಕೆಂಪಡಿಕೆಯ ಬೆಲೆ ಕ್ವಿಂಟಲಿಗೆ 50 ಸಾವಿರ ರೂಪಾಯಿ ದಾಟಿದ ಸುದ್ದಿ ಈ ಹುರುಪಿಗೆ ಗಾಳಿಯೂದಿತು. ಭತ್ತದಲ್ಲಿ ಏನೂ ಉಳಿಯುವುದಿಲ್ಲವೆಂಬ ರೈತನ ಮಾತು ಸುಳ್ಳಲ್ಲ; ಅವನನ್ನು ದೂರುವ ಅಧಿಕಾರ ನಮಗಿಲ್ಲ. ಆದರೆ ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಷ್ಟರವರೆಗೆ ಕೊಳವೆಬಾವಿಯ ಸಾಲ, ಹನಿನೀರಾವರಿಯ ಸಾಲ, ಮನೆಗೆ ಕೊಂಡು ತರುವ ಅಕ್ಕಿ ಇವೆಲ್ಲ ನಡೆಯಬೇಕು. ಫಸಲು ಕೈಗೆ ಬರುವ ಹೊತ್ತಿಗೆ ಬೆಲೆ ಎಲ್ಲಿರುವುದೋ ಬಲ್ಲವರಾರು? ಮಳೆ ಕಡಿಮೆಯಿರುವ ಬಯಲಿಗೆ ಎಲೆಚುಕ್ಕಿ ಬಾರದೆಂಬ ನಂಬಿಕೆಯೂ ಪೂರ್ತಿ ಭದ್ರವಲ್ಲ. ಹತ್ತಿಪ್ಪತ್ತು ದಿನ ಮೋಡ ಕವಿದು ಜಡಿಮಳೆ ಹಿಡಿದ ವರ್ಷ, ಒತ್ತಾಗಿ ನೆಟ್ಟ ಎಳೆಯ ತೋಟದೊಳಗೆ ಮಲೆನಾಡಿನದೇ ಹವೆ ಏರ್ಪಡುತ್ತದೆ. ಎರಡೆಕರೆ ಇದ್ದವರು ಎರಡನ್ನೂ ತೋಟ ಮಾಡದೆ ಒಂದರಲ್ಲಿ ಮನೆಯ ಊಟಕ್ಕಾಗುವಷ್ಟು ಭತ್ತ, ಜೋಳ, ಅಲಸಂದೆ ಇಟ್ಟುಕೊಳ್ಳಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹೆಣ್ಣುಮಕ್ಕಳ ಮದುವೆ, ಗಂಡುಮಕ್ಕಳ ಓದು ಇವುಗಳನ್ನು ನೆನೆದು ಹೇಳುತ್ತಿದ್ದೇವೆ.

ಭತ್ತಕ್ಕೂ ಎಲೆರೋಗ ತಪ್ಪಿದ್ದಲ್ಲ. ಬೆಂಕಿರೋಗದ ಕದಿರಿನಾಕಾರದ ಮಚ್ಚೆಗಳನ್ನು ಹಳಿಯಾಳದ ರೈತರು ಬಲ್ಲರು. ಅಲ್ಲಿಯೂ ಯೂರಿಯಾದ ಅತಿಯೇ ಅದಕ್ಕೆ ಇಂಬು. ಆದರೆ ಭತ್ತದ ನಷ್ಟ ಒಂದು ಹಂಗಾಮಿನದು. ಮರುವರ್ಷ ತಳಿ ಬದಲಿಸಬಹುದು, ಧಾರವಾಡದ ಬಳಿಯ ಮುಗದ ಸಂಶೋಧನಾ ಕೇಂದ್ರದವರನ್ನು ಕೇಳಿ ಬೇರೆ ಬೀಜ ತರಬಹುದು. ದಾಂಡೇಲಿಯ ತೇಗಕ್ಕೂ ಎಲೆಯಡಿ ಹಳದಿ ಪುಡಿ ಕಟ್ಟುವ ತುಕ್ಕುರೋಗವುಂಟು. ಅದರ ಶಿಲೀಂಧ್ರದ ಹೆಸರು ಓಲಿವಿಯಾ. ಹೆಸರು ಹಾಗಿದ್ದರೂ ಆಲಿವ್ ಮರಕ್ಕೂ ಅದಕ್ಕೂ ನಂಟಿಲ್ಲ. ಎಲೆ ಉದುರಿಸಿ ನಿಲ್ಲುವುದು ತೇಗದ ಸಹಜ ಗುಣವಾದ್ದರಿಂದ ಬೆಳೆದ ಮರಕ್ಕೆ ಅದು ಅಷ್ಟಾಗಿ ತಾಗದು, ಸಸಿಮಡಿಗಳಲ್ಲಿ ಮಾತ್ರ ಕಾಟ.

ವಿಮೆಯ ವಿಷಯ. ಅಡಿಕೆಗೆ ಇರುವ ಹವಾಮಾನ ಆಧಾರಿತ ಬೆಳೆವಿಮೆಯು ಸೋಗೆಯ ಮೇಲಿನ ಚುಕ್ಕಿಗಳನ್ನು ಎಣಿಸುವುದಿಲ್ಲ; ಮಳೆಮಾಪಕದ ಅಂಕಿಗಳನ್ನು ನೋಡುತ್ತದೆ. ತೋಟ ಸುಟ್ಟಿದ್ದರೂ ಮಾಪಕದ ಅಂಕಿ ನಿಗದಿತ ಮಿತಿಯೊಳಗಿದ್ದರೆ ಹಣ ಬಾರದು. ಹಾಗೆಂದು ಕಂತು ಕಟ್ಟುವುದನ್ನು ಬಿಡಬೇಕಾಗಿಲ್ಲ. ಆದರೆ ತಮ್ಮ ಪಂಚಾಯತಿಯ ಮಳೆಮಾಪಕ ಕೆಲಸ ಮಾಡುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಬೆಳೆ ಸಮೀಕ್ಷೆಯಲ್ಲಿ ತೋಟದ ಸರ್ವೆ ನಂಬರಿನ ಎದುರು ಅಡಿಕೆಯೆಂದೇ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಭತ್ತವೆಂದೇ ಉಳಿದುಕೊಂಡ ಗದ್ದೆಯ ತೋಟಕ್ಕೆ ವಿಮೆಯ ಹಣ ಸಿಗುವುದು ಕಷ್ಟ.

ಇನ್ನು ಸಸಿಗಳು. ಸೋಗೆಯ ಮೇಲೆ ಚುಕ್ಕಿಯಿರುವ ಸಸಿಯನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿರಿ. ರೋಗವಿರುವ ತಾಲೂಕುಗಳ ನರ್ಸರಿಗಳಿಂದ ಲಾರಿಗಟ್ಟಲೆ ಸಸಿಗಳು ಮಳೆಗಾಲದ ಆರಂಭದಲ್ಲಿ ಬಯಲಿಗೆ ಇಳಿಯುತ್ತವೆ. ಅವುಗಳೊಡನೆ ಶಿಲೀಂಧ್ರವೂ ಬಾಡಿಗೆ ಕೊಡದೆ ಪ್ರಯಾಣ ಮಾಡುತ್ತದೆ. ಹತ್ತಿರದ ರೋಗವಿಲ್ಲದ ಹಳೆಯ ತೋಟದಲ್ಲಿ, ವರ್ಷವರ್ಷವೂ ಚೆನ್ನಾಗಿ ಕಾಯಿ ಬಿಡುವ ನಡುವಯಸ್ಸಿನ ಮರಗಳನ್ನು ಗುರುತಿಸಿ, ಪೂರ್ತಿ ಹಣ್ಣಾದ ಗೋಟುಗಳನ್ನು ಆರಿಸಿ, ತೊಟ್ಟು ಮೇಲೆ ಬರುವಂತೆ ಮರಳಿನ ಮಡಿಯಲ್ಲಿ ಊರಿದರೆ ತಿಂಗಳೊಂದೂವರೆಯಲ್ಲಿ ಮೊಳಕೆಯೊಡೆಯುತ್ತವೆ. ಮನೆಯ ಹಿತ್ತಲಿನಲ್ಲಿಯೇ ಹೀಗೆ ಸಸಿ ಮಾಡಿಕೊಳ್ಳುವವರು ಹನ್ನೆರಡರಿಂದ ಹದಿನೆಂಟು ತಿಂಗಳು ಕಾಯಬೇಕಾಗುತ್ತದೆ. ಗೋಟು ಆರಿಸಲು ಫೆಬ್ರುವರಿ, ಮಾರ್ಚ್ ತಿಂಗಳುಗಳೇ ತಕ್ಕ ಕಾಲ.